ಹದಿನಾರು ದಿನದ ಸರದಿ

ಮೊದಲ ಸರದಿಯಲ್ಲಿ ಒಂದೂ ಸಿಗಲಿಲ್ಲ. ಎರಡನೆಯದರಲ್ಲಿ 12 ಸಿಕ್ಕವು. ಮೂರನೆಯದರಲ್ಲಿ 3. ಪ್ರತಿ ಸಲವೂ ಸುಮಾರು ಎರಡು ತಾಸು ಆಕಾಶದ ಒಂದೇ ಜಾಗಕ್ಕೆ ಮುಖ ಮಾಡಿ ಕಾದದ್ದಕ್ಕೆ ದಕ್ಕಿದ ಫಸಲು ಇಷ್ಟು. ಕಾದದ್ದು ಪುಣೆಯ ಉತ್ತರಕ್ಕಿರುವ ಖೋಡದ್ ಹಳ್ಳಿಯ ಹೊಲಗಳ ನಡುವೆ ನಿಂತ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್, ಚಿಕ್ಕದಾಗಿ ಜಿಎಂಆರ್‌ಟಿ. ಸಿಕ್ಕವು ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ಹೊರಟ ರೇಡಿಯೊ ಸ್ಫೋಟಗಳು. ಒಂದೊಂದರ ಆಯುಸ್ಸು ಸೆಕೆಂಡಿನ ಸಾವಿರದ ಕೆಲವೇ ಭಾಗ. ವಿಶ್ವೇಶ್ವರ ರಾಮ್ ಮರ್ತಿ ಮತ್ತು ಸಂಗಡಿಗರು ಈ 15 ಸ್ಫೋಟಗಳ ವಿವರವನ್ನು 2020ರಲ್ಲಿ ಪ್ರಕಟಿಸಿದರು.

ರೋಣ, ನರಗುಂದದ ಕಡೆಯ ರೈತರಿಗೆ ಸೊನ್ನೆ, ಹನ್ನೆರಡು, ಮೂರು ಎಂಬ ಈ ಲೆಕ್ಕದ ಒಳಮರ್ಮ ಬೇಗ ಅರ್ಥವಾದೀತು. ಮಲಪ್ರಭೆ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರಿನ ಸರದಿ ಯಾವಾಗ ಎಂಬುದು ಗೊತ್ತಿರುತ್ತದೆ, ಸರದಿ ಬಂದಾಗ ಎಷ್ಟು ನೀರು ಹರಿದೀತು ಎಂಬುದು ಗೊತ್ತಿರುವುದಿಲ್ಲ. ಸಲಿಕೆ ಹಿಡಿದು ಹೋಗಿ ನಿಲ್ಲುವುದಂತೂ ತಪ್ಪದು. ಎಫ್‌ಆರ್‌ಬಿ 20180916ಬಿ ಎಂದು ಹೆಸರಿಟ್ಟಿರುವ ಈ ಮೂಲದ ಸರದಿ 16.35 ದಿನಕ್ಕೊಮ್ಮೆ. ಪ್ರತಿ ಸುತ್ತಿನಲ್ಲಿ ನಾಲ್ಕೈದು ದಿನ ಮಾತ್ರ ಅದು ಚುರುಕಾಗಿರುತ್ತದೆ, ಮಿಕ್ಕ ದಿನಗಳಲ್ಲಿ ಮೌನ. ಕೆನಡಾದ ಚೈಮ್ ದೂರದರ್ಶಕದ ತಂಡ 2020ರಲ್ಲಿ ಈ ಸರದಿಯನ್ನು ಗುರುತಿಸಿತು. ಚುರುಕಿನ ದಿನಗಳು ಬಂದಾಗಲೂ ಎಷ್ಟು ಸ್ಫೋಟ ಬರುತ್ತವೆ ಎಂಬುದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ ಎಂಬುದನ್ನು ಖೋಡದ್‌ನ ಆ ಮೂರು ಸರದಿಗಳು ತೋರಿಸಿಕೊಟ್ಟವು. ಒಂದೂ ಸಿಗದ ಮೊದಲ ಎರಡು ತಾಸನ್ನು ವರದಿಯಲ್ಲಿ ಉಳಿದವುಗಳ ಪಕ್ಕದಲ್ಲೇ ಬರೆದಿದ್ದಾರೆ. ಅದೂ ಒಂದು ಅಳತೆಯೇ.

ಎಫ್‌ಆರ್‌ಬಿ ಎಂದು ಕರೆಯುವ ಈ ಕ್ಷಿಪ್ರ ರೇಡಿಯೊ ಸ್ಫೋಟಗಳ ಕತೆ ಶುರುವಾದದ್ದು ಹಳೆಯ ದಾಖಲೆಯೊಂದನ್ನು ಕೆದಕಿದಾಗ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿರುವ 64 ಮೀಟರ್ ತಟ್ಟೆ 2001ರಲ್ಲಿ ಒಂದು ಸ್ಫೋಟವನ್ನು ದಾಖಲಿಸಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಡಂಕನ್ ಲೊರಿಮರ್ ಮತ್ತು ಜತೆಗಾರರು ಆ ದತ್ತಾಂಶವನ್ನು ಮತ್ತೆ ಶೋಧಿಸಿ 2007ರಲ್ಲಿ ಪ್ರಕಟಿಸಿದರು. ಐದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯ ಆ ಸ್ಫೋಟ ನಮ್ಮ ಕ್ಷೀರಪಥದ ಆಚೆಯಿಂದ ಬಂದದ್ದೆಂಬ ಅವರ ಮಾತನ್ನು ಹಲವರು ನಂಬಲಿಲ್ಲ. ಪಾರ್ಕ್ಸ್‌ನಲ್ಲೇ ಅದನ್ನು ಹೋಲುವ ಬೇರೆ ಸಂಕೇತಗಳೂ ಆಗಾಗ ಬರುತ್ತಿದ್ದವು. ಕೊನೆಗೆ 2015ರಲ್ಲಿ ಎಮಿಲಿ ಪೆಟ್ರಾಫ್ ಮತ್ತು ತಂಡ ಅವುಗಳ ಮೂಲವನ್ನು ಪತ್ತೆ ಹಚ್ಚಿತು: ವೀಕ್ಷಣಾಲಯದ ಮೈಕ್ರೊವೇವ್ ಒಲೆ ಇನ್ನೂ ಚಾಲೂ ಇರುವಾಗಲೇ ಅದರ ಬಾಗಿಲು ತೆರೆದರೆ ಹೊರಬೀಳುತ್ತಿದ್ದ ಅಲೆಗಳು. ಲೊರಿಮರ್ ಸ್ಫೋಟ ಮಾತ್ರ ಆ ಪಟ್ಟಿಗೆ ಸೇರಲಿಲ್ಲ.

ಆಕಾಶದ ಸಂಕೇತ ಯಾವುದು, ನೆಲದ ಗದ್ದಲ ಯಾವುದು ಎಂದು ಬೇರ್ಪಡಿಸುವುದೇ ಈ ವಿದ್ಯೆಯ ಜೀವಾಳ. ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವರಿಗೆ ನೆನಪಿರಬಹುದು. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿದರೆ, ದೂರದಲ್ಲಿ ಸಿಡಿಲು ಹೊಡೆದರೆ, ಟಿ.ಸಿ.ಯಲ್ಲಿ ಕಿಡಿ ಹಾರಿದರೆ ಟ್ರಾನ್ಸಿಸ್ಟರ್ ಚರಚರ ಎನ್ನುತ್ತಿತ್ತು. ಮುಳ್ಳು ತಿರುಗಿಸಿ ಬೇರೆ ಸ್ಟೇಷನ್ನಿಗೆ ಹೋದರೂ ಅದೇ ಗದ್ದಲ, ಅದೇ ಕ್ಷಣ. ಕಿಡಿಯೊಂದು ಎಲ್ಲ ಆವರ್ತನಗಳಲ್ಲೂ ಒಟ್ಟಿಗೇ ಸಿಡಿಯುತ್ತದೆ. ಬಹು ದೂರದಿಂದ ಬಂದ ರೇಡಿಯೊ ಸ್ಫೋಟ ಹಾಗೆ ಬರಲಾರದು. ಗೆಲಾಕ್ಸಿಗಳ ಒಳಗೂ ಅವುಗಳ ನಡುವೆಯೂ ತೀರ ವಿರಳವಾಗಿ ಹರಡಿರುವ ಬಿಡಿ ಎಲೆಕ್ಟ್ರಾನ್‌ಗಳು ರೇಡಿಯೊ ಅಲೆಗಳನ್ನು ಒಂದಿಷ್ಟು ತಡವಾಗಿಸುತ್ತವೆ. ಆವರ್ತನ ಕಡಿಮೆಯಿದ್ದಷ್ಟೂ ತಡ ಹೆಚ್ಚು. ಆವರ್ತನ ಅರ್ಧಕ್ಕಿಳಿದರೆ ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೂಲದಲ್ಲಿ ಒಂದೇ ಕ್ಷಣಕ್ಕೆ ಹೊರಟ ಸ್ಫೋಟದ ಮೇಲಿನ ಆವರ್ತನಗಳು ಮೊದಲು ತಲುಪುತ್ತವೆ, ಕೆಳಗಿನವು ಹಿಂದೆ ಬೀಳುತ್ತವೆ.

ಎಷ್ಟು ಹಿಂದೆ ಬೀಳುತ್ತವೆ ಎಂಬುದರಿಂದ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನ್‌ಗಳು ಎದುರಾದವು ಎಂದು ಲೆಕ್ಕ ಹಾಕಬಹುದು. ಖಗೋಳಜ್ಞರು ಅದನ್ನು ಡಿಸ್ಪರ್ಶನ್ ಮೆಷರ್ ಎನ್ನುತ್ತಾರೆ. ನಮ್ಮ ಹದಿನಾರು ದಿನದ ಮೂಲಕ್ಕೆ ಅದರ ಬೆಲೆ ಖಗೋಳಜ್ಞರ ಏಕಮಾನದಲ್ಲಿ ಸುಮಾರು 349. ಖೋಡದ್‌ನಲ್ಲಿ ಆಲಿಸಿದ್ದು 550ರಿಂದ 750 ಮೆಗಾಹರ್ಟ್ಸ್ ವರೆಗೆ. ಈ ಪಟ್ಟಿಯ ಮೇಲಂಚಿಗೆ ಸ್ಫೋಟ ಬಂದು ತಲುಪಿದ ಮೇಲೆ ಕೆಳಂಚಿಗೆ ಬರಲು ಸುಮಾರು 2.2 ಸೆಕೆಂಡು ಬೇಕು. ಇನ್ನೂ ಕೆಳಗೆ, 500ರಿಂದ 300 ಮೆಗಾಹರ್ಟ್ಸ್‌ಗೆ ಇಳಿಯುವಷ್ಟರಲ್ಲಿ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಕಳೆದಿರುತ್ತದೆ. ಕೆಲವೇ ಮಿಲಿಸೆಕೆಂಡಿನ ಘಟನೆಯನ್ನು ಹೀಗೆ ಸೆಕೆಂಡುಗಟ್ಟಲೆ ಎಳೆದು ಹರಡಿದರೆ ಅದು ಗದ್ದಲದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ದೂರದರ್ಶಕಕ್ಕೆ ಬಂದ ಅಲೆಗಳನ್ನು ಕಂಪ್ಯೂಟರ್ ಸಾವಿರಾರು ಸಣ್ಣ ಆವರ್ತನಗಳಾಗಿ ಸೀಳುತ್ತದೆ. ಒಂದೊಂದನ್ನೂ ಅದರದರ ತಡಕ್ಕೆ ತಕ್ಕಂತೆ ಹಿಂದಕ್ಕೆ ಸರಿಸುತ್ತದೆ. ಆಮೇಲೆ ಎಲ್ಲವನ್ನೂ ಕೂಡಿಸುತ್ತದೆ. ಸರಿಸಿದ ಪ್ರಮಾಣ ಸರಿಯಾಗಿದ್ದರೆ ಚೆಲ್ಲಾಪಿಲ್ಲಿಯಾಗಿದ್ದ ಶಕ್ತಿಯೆಲ್ಲ ಒಂದೇ ಕಡೆ ಸೇರಿ ಚೂಪಾದ ಶಿಖರವೊಂದು ಎದ್ದು ನಿಲ್ಲುತ್ತದೆ. ಸರಿಸದೆ ಕೂಡಿಸಿದಾಗಲೇ ಶಿಖರ ಎದ್ದರೆ ಅದು ಪಂಪ್‌ಸೆಟ್ಟು.

ಮರುಕಳಿಸುವ ಮೂಲಗಳ ಬೆಲೆ ತಿಳಿಯುವುದು ಇಲ್ಲಿ. ಒಮ್ಮೆ ಮಾತ್ರ ಬಂದು ಹೋಗುವ ಸ್ಫೋಟವನ್ನು ಹಿಡಿಯಬೇಕಾದರೆ ಆಕಾಶದ ಯಾವ ಮೂಲೆಯಿಂದ ಬರುತ್ತದೆಂದು ಗೊತ್ತಿರುವುದಿಲ್ಲ, ಎಷ್ಟು ತಡವನ್ನು ತಿದ್ದಬೇಕೆಂಬುದೂ ಗೊತ್ತಿರುವುದಿಲ್ಲ. ಸಾವಿರಾರು ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಮರುಕಳಿಸುವ ಮೂಲದ ಜಾಗ ಗೊತ್ತು, ತಡವೂ ಗೊತ್ತು. ದೊಡ್ಡ ದೂರದರ್ಶಕವನ್ನು ಅಲ್ಲಿಗೇ ತಿರುಗಿಸಿ, ತೀರ ಮಸುಕಾದ ಸ್ಫೋಟವನ್ನೂ ಹೆಕ್ಕಬಹುದು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ 2012ರ ನವೆಂಬರ್ 2ರಂದು ಹಿಡಿದ ಒಂದು ಸ್ಫೋಟದ ಮೂಲ ಮತ್ತೆ ಮತ್ತೆ ಸಿಡಿಯುತ್ತಿದೆ ಎಂದು 2016ರಲ್ಲಿ ಪ್ರಕಟವಾದಾಗ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ಮತ್ತೆ ಮತ್ತೆ ಸಿಡಿಯುವುದಾದರೆ ಮೂಲವು ಸ್ಫೋಟದಲ್ಲಿ ನಾಶವಾಗುತ್ತಿಲ್ಲ. ಎರಡು ನಕ್ಷತ್ರಗಳು ಡಿಕ್ಕಿ ಹೊಡೆದು ಮುಗಿದುಹೋದವು ಎಂಬಂಥ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಮರುವರ್ಷವೇ ಅದರ ನೆಲೆ ಸಿಕ್ಕಿತು: 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯ ಒಂದು ಕುಬ್ಜ ಗೆಲಾಕ್ಸಿ. ಶಮಿ ಚಟರ್ಜಿ ಅವರ ತಂಡ ಸ್ಥಾನವನ್ನು ಖಚಿತಪಡಿಸಿತು. ಆ ಗೆಲಾಕ್ಸಿಯನ್ನು ಗುರುತಿಸಿದ ಪ್ರಬಂಧದ ಮೊದಲ ಲೇಖಕ ಶ್ರೀಹರ್ಷ ತೆಂಡುಲ್ಕರ್.

ಚೈಮ್ ಬಂದ ಮೇಲೆ ಸಂಖ್ಯೆಗಳು ಏರಿದವು. ನೂರು ಮೀಟರ್ ಉದ್ದದ, ಇಪ್ಪತ್ತು ಮೀಟರ್ ಅಗಲದ ನಾಲ್ಕು ಅರೆಕೊಳವೆಗಳು ಅಲ್ಲಾಡದೆ ನೆಲದ ಮೇಲೆ ಮಲಗಿವೆ. ಭೂಮಿ ತಿರುಗಿದಂತೆ ಆಕಾಶವೇ ಅವುಗಳ ಮೇಲೆ ಹಾದುಹೋಗುತ್ತದೆ. 2018–19ರ ಒಂದು ವರ್ಷದ ದಾಖಲೆಯಲ್ಲಿ 536 ಸ್ಫೋಟಗಳಿದ್ದವು. ಅವುಗಳಲ್ಲಿ 62 ಮಾತ್ರ ಮರುಕಳಿಸುವ 18 ಮೂಲಗಳಿಗೆ ಸೇರಿದವು. ಮರುಕಳಿಸುವವು ತುಸು ಹೆಚ್ಚು ಹೊತ್ತು ಇರುತ್ತವೆ, ಆದರೆ ಆವರ್ತನದಲ್ಲಿ ಕಿರಿದಾದ ಪಟ್ಟಿಗೆ ಸೀಮಿತವಾಗಿರುತ್ತವೆ. ಎರಡು ಬಗೆಯವೂ ಒಂದೇ ಕುಲದವೋ, ಬೇರೆಬೇರೆಯೋ ಎಂಬ ಚರ್ಚೆ ಇಲ್ಲಿಂದಲೇ ಹುಟ್ಟಿದ್ದು.

ಚೈಮ್ ಆಕಾಶವನ್ನೆಲ್ಲ ಗುಡಿಸಿ ಹೊಸ ಮೂಲಗಳನ್ನು ಹುಡುಕುತ್ತದೆ. ಜಿಎಂಆರ್‌ಟಿಯ ಕಸುವು ಬೇರೆ ಥರದ್ದು. ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳು. 14 ತಟ್ಟೆಗಳು ಒಂದೇ ಕಡೆ ಗುಂಪಾಗಿ, ಮಿಕ್ಕ 16 ಮೂರು ದಿಕ್ಕಿಗೆ ಚಾಚಿದ ತೋಳುಗಳ ಮೇಲೆ, ಒಟ್ಟು 25 ಕಿಲೋಮೀಟರ್ ಹರವಿನಲ್ಲಿ ನಿಂತಿವೆ. ತಟ್ಟೆಯ ಮೈ ಗಟ್ಟಿ ಲೋಹದ ಹಾಳೆಯಲ್ಲ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬಲೆ. ಅಲ್ಲಿ ಆಲಿಸುವ ಅಲೆಗಳ ಉದ್ದಕ್ಕೆ ಬಲೆಯ ಕಣ್ಣುಗಳು ಲೆಕ್ಕಕ್ಕಿಲ್ಲದಷ್ಟು ಚಿಕ್ಕವು. ಗಾಳಿ ಮಾತ್ರ ಅವುಗಳೊಳಗಿಂದ ತೂರಿ ಹೋಗುತ್ತದೆ. ಕಡಿಮೆ ಉಕ್ಕಿನಲ್ಲಿ ಇಷ್ಟು ದೊಡ್ಡ ತಟ್ಟೆ ಕಟ್ಟುವ ಈ ಉಪಾಯ ಗೋವಿಂದ್ ಸ್ವರೂಪ್ ಅವರದು. ಭಾರತದ ರೇಡಿಯೊ ಖಗೋಳವಿಜ್ಞಾನವನ್ನು ಊಟಿಯಿಂದ ಖೋಡದ್‌ವರೆಗೆ ಕಟ್ಟಿ ನಿಲ್ಲಿಸಿದ ಸ್ವರೂಪ್ 2020ರ ಸೆಪ್ಟೆಂಬರ್ 7ರಂದು ತೀರಿಕೊಂಡರು. ಖೋಡದ್‌ನ ಹದಿನೈದು ಸ್ಫೋಟಗಳು ಲೋಕಕ್ಕೆ ತಿಳಿದದ್ದೂ ಅದೇ ವರ್ಷ.

ಹರವಿ ನಿಂತ ತಟ್ಟೆಗಳಿಂದ ಇನ್ನೂ ಒಂದು ಲಾಭವಿದೆ. ಎಲ್ಲ ತಟ್ಟೆಗಳ ಸಂಕೇತಗಳನ್ನು ಅಲೆಗೆ ಅಲೆ ಹೊಂದಿಸಿ ಕೂಡಿಸಿದರೆ ಒಂದೇ ಬಿಂದುವಿನತ್ತ ಬಹಳ ಸೂಕ್ಷ್ಮವಾದ ಕಿವಿ ಸಿಗುತ್ತದೆ. ಒಂದು ತಟ್ಟೆಯ ಹತ್ತಿರ ಹಾರಿದ ಕಿಡಿ ಉಳಿದವುಗಳಿಗೆ ಕೇಳಿಸದೆ ಹಿಂದೆ ಸರಿಯುತ್ತದೆ. ಅಷ್ಟು ಸೂಕ್ಷ್ಮತೆ ಬೇಡ, ವಿಶಾಲ ನೋಟ ಬೇಕು ಎಂದರೆ ಹೊಂದಿಸದೆ ಬರೀ ಶಕ್ತಿಯನ್ನಷ್ಟೇ ಕೂಡಿಸಬಹುದು. 2021ರ ಏಪ್ರಿಲ್‌ನಲ್ಲಿ ಎಫ್‌ಆರ್‌ಬಿ 20201124ಎ ಎಂಬ ಮೂಲ ವಿಪರೀತ ಚುರುಕಾದಾಗ ಮಾಡಿದ್ದು ಹೀಗೆ. ಸಿಕ್ಕವು 48 ಸ್ಫೋಟಗಳು. ಜತೆಗೆ, ಅದೇ ವೀಕ್ಷಣೆಯಿಂದ ಚಿತ್ರ ತೆಗೆದು ಮೂಲದ ಸ್ಥಾನವನ್ನೂ ನಿಖರವಾಗಿ ಗುರುತಿಸಿದರು, ಅದರ ಗೆಲಾಕ್ಸಿಯಿಂದ ಸದಾ ಹೊರಡುತ್ತಿದ್ದ ಮಂದ ರೇಡಿಯೊ ಹೊಳಪನ್ನೂ ಕಂಡುಕೊಂಡರು. ಸ್ಫೋಟವನ್ನು ಕಾಲದಲ್ಲಿ ಹಿಡಿಯುವ ಕೆಲಸವನ್ನೂ ಆಕಾಶದಲ್ಲಿ ಅದರ ಜಾಗ ಗುರುತಿಸುವ ಕೆಲಸವನ್ನೂ ಒಂದೇ ಯಂತ್ರ ಒಂದೇ ಹೊತ್ತಿಗೆ ಮಾಡಿತು. ಮಿಂಚು ಹೊಡೆದ ಕ್ಷಣದಲ್ಲೇ ಅದು ಯಾವ ಊರಿನ ಮೇಲೆ ಎಂದು ಹೇಳುವ ಈ ಶಕ್ತಿಯೇ ನನಗೆ ಜಿಎಂಆರ್‌ಟಿಯ ಅತಿ ದೊಡ್ಡ ಗುಣವಾಗಿ ಕಾಣುತ್ತದೆ.

ಹದಿನಾರು ದಿನದ ಮೂಲ ಆಕಾಶದಲ್ಲಿ ಎಲ್ಲಿದೆ ಎಂಬುದನ್ನು ರೋಣದ ಎರೆಹೊಲದಲ್ಲಿ ನಿಂತೇ ನೋಡಬಹುದು. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಊಟ ಮುಗಿಸಿದವರು ಅಂದು ರಾತ್ರಿ ಎಂಟರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಲಿ. ಚಂದ್ರನಿಲ್ಲದ ರಾತ್ರಿ, ಸುತ್ತ ಹಿಂಗಾರಿ ಜೋಳ, ದಿಗಂತಕ್ಕೆ ಅಡ್ಡಿಯಿಲ್ಲ. ಧ್ರುವನಕ್ಷತ್ರ ದಿಗಂತದಿಂದ ಹದಿನಾರು ಡಿಗ್ರಿಯಷ್ಟೇ ಎತ್ತರದಲ್ಲಿರುತ್ತದೆ. ಅದರ ಮೇಲೆ, ಇಂಗ್ಲಿಷಿನ ಎಂ ಅಕ್ಷರದ ಹಾಗೆ ಐದು ನಕ್ಷತ್ರಗಳು ಕಾಣುತ್ತವೆ. ಅದು ಕ್ಯಾಸಿಯೋಪಿಯಾ. ಎಂ ಅಕ್ಷರದ ಬಲತುದಿಯಲ್ಲಿ ಐದರಲ್ಲೇ ಮಸುಕಾದ ನಕ್ಷತ್ರವಿದೆ. ಅದರಿಂದ ಸುಮಾರು ಎರಡು ಡಿಗ್ರಿ ಕೆಳಗೆ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರದಲ್ಲಿ, ಆ ಮೂಲದ ಸ್ಥಾನ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ನೆಲಮಟ್ಟದಿಂದ ನಲವತ್ತು ಡಿಗ್ರಿ ಎತ್ತರ. ಕ್ಷೀರಪಥದ ಮಂದ ಪಟ್ಟಿ ಅಲ್ಲಿಯೇ ಹಾದುಹೋಗುವುದರಿಂದ, ಸ್ಫೋಟ ಅನುಭವಿಸಿದ ತಡದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಕ್ಷೀರಪಥದ ಎಲೆಕ್ಟ್ರಾನ್‌ಗಳದೇ. ಈ ಅಲೆಗಳು ಹೊರಟ ಕಾಲಕ್ಕೆ ಬಾದಾಮಿಯ ಮರಳುಗಲ್ಲು ಆಗಲೇ ಹಾಸಿ ಗಟ್ಟಿಯಾಗಿತ್ತು. ನೆಲದ ಮೇಲೆ ಕಾಡು ಇನ್ನೂ ಹುಟ್ಟಿರಲಿಲ್ಲ.

ಆ ಸರದಿ ಏಕೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ರಬಲ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಮ್ಯಾಗ್ನೆಟಾರ್, ಜೊತೆಗಾರ ನಕ್ಷತ್ರವೊಂದನ್ನು 16.35 ದಿನಕ್ಕೆ ಸುತ್ತುತ್ತಿರಬಹುದು. ಆ ಜೊತೆಗಾರನ ಮೈಯಿಂದ ಬೀಸುವ ಅನಿಲಪ್ರವಾಹ ಅಡ್ಡ ಬಾರದಿದ್ದಾಗ ಮಾತ್ರ ಸ್ಫೋಟ ನಮಗೆ ಕಾಣುತ್ತಿರಬಹುದು. ಇಲ್ಲವೇ ಒಂಟಿ ಮ್ಯಾಗ್ನೆಟಾರ್‌ನ ಅಕ್ಷವೇ ಬುಗುರಿಯಂತೆ ಓಲಾಡುತ್ತ ಹದಿನಾರು ದಿನಕ್ಕೊಮ್ಮೆ ನಮ್ಮತ್ತ ತಿರುಗುತ್ತಿರಬಹುದು. ಯುರೋಪಿನ ಲೋಫಾರ್ ದೂರದರ್ಶಕ ಇದೇ ಮೂಲವನ್ನು 110 ಮೆಗಾಹರ್ಟ್ಸ್‌ನಷ್ಟು ಕೆಳಗೂ ಹಿಡಿಯಿತು. ಅಲ್ಲಿ ಚುರುಕಿನ ದಿನಗಳು ಚೈಮ್ ಕಂಡದ್ದಕ್ಕಿಂತ ಸುಮಾರು ಮೂರು ದಿನ ತಡವಾಗಿ ಬಂದವು. ಎಲೆಕ್ಟ್ರಾನ್‌ಗಳಿಂದಾಗುವ ತಡ 110 ಮೆಗಾಹರ್ಟ್ಸ್‌ನಲ್ಲೂ ಎರಡೇ ನಿಮಿಷ. ಮೂರು ದಿನದ ತಡ ಮೂಲದ ಸ್ವಭಾವದಲ್ಲೇ ಇರಬೇಕು. ಜೊತೆಗಾರನ ಅನಿಲ ಕೆಳಗಿನ ಆವರ್ತನಗಳನ್ನು ಹೆಚ್ಚು ನುಂಗುತ್ತದೆ ಎಂಬ ಸರಳ ವಿವರಣೆಗೆ ಇದರಿಂದ ಪೆಟ್ಟು ಬಿತ್ತು. ಹಾಗಿದ್ದರೆ ಕೆಳಗಿನ ಆವರ್ತನದಲ್ಲಿ ಚುರುಕಿನ ಅವಧಿ ಕಿರಿದಾಗಬೇಕಿತ್ತು. ಆದದ್ದು ಬೇರೆ.

ಮ್ಯಾಗ್ನೆಟಾರ್ ಎಂಬ ಊಹೆಗೆ ಗಟ್ಟಿ ಆಧಾರ ಸಿಕ್ಕಿದ್ದು 2020ರ ಏಪ್ರಿಲ್ 28ರಂದು. ನಮ್ಮ ಕ್ಷೀರಪಥದೊಳಗೇ ಇರುವ ಎಸ್‌ಜಿಆರ್ 1935+2154 ಎಂಬ ಮ್ಯಾಗ್ನೆಟಾರ್ ಅಂದು ಅಂಥದೇ ರೇಡಿಯೊ ಸ್ಫೋಟವನ್ನು ಸೂಸಿತು. ಚೈಮ್ ಅದನ್ನು ಕಂಡಿತು. ಅಮೆರಿಕದ ಸ್ಟೇರ್2 ಎಂಬ ಪುಟ್ಟ ಪ್ರಯೋಗವೂ ಕಂಡಿತು. ಅದರ ಆ್ಯಂಟೆನಾ ಒಂದು ದೊಡ್ಡ ಬಕೆಟ್ಟಿನಷ್ಟು: ಲೋಹದ ಕೊಳವೆಯ ತುಂಡು, ಅದರ ಸುತ್ತ ಕೇಕ್ ಬೇಯಿಸುವ ತಟ್ಟೆಗಳು. ವಿದ್ಯಾರ್ಥಿಯಾಗಿದ್ದ ಕ್ರಿಸ್ಟೋಫರ್ ಬೊಚೆನೆಕ್ ಅಂಥ ಮೂರು ಆ್ಯಂಟೆನಾಗಳನ್ನು ಕ್ಯಾಲಿಫೋರ್ನಿಯಾ ಮತ್ತು ಯೂಟಾದಲ್ಲಿ ದೂರದೂರ ನಿಲ್ಲಿಸಿ ಕಾದಿದ್ದರು.

ಈ ಕಥನದ ಕರ್ನಾಟಕದ ಎಳೆ ಪಾರ್ಕ್ಸ್‌ಗೇ ಹೋಗಿ ಸೇರುತ್ತದೆ. ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಆಸ್ಟ್ರೇಲಿಯಾದಲ್ಲಿ ಕೆಲಸಕ್ಕಿದ್ದಾಗ ಪಾರ್ಕ್ಸ್ ದೂರದರ್ಶಕದಿಂದ ವೇಲಾ ಪಲ್ಸಾರ್ ಎಂಬ, ತಾಳಬದ್ಧವಾಗಿ ರೇಡಿಯೊ ಸ್ಪಂದನ ಸೂಸುವ ಮೂಲವನ್ನು ಪರೀಕ್ಷಿಸಿದರು. ಪಲ್ಸಾರ್‌ನ ಪ್ರತಿ ಸ್ಪಂದನದಲ್ಲೂ ಅಲೆ ಕಂಪಿಸುವ ದಿಕ್ಕು ಮೊದಲು ನಿಧಾನವಾಗಿ, ನಡುವೆ ಜೋರಾಗಿ, ಮತ್ತೆ ನಿಧಾನವಾಗಿ ತಿರುಗುತ್ತಿತ್ತು. ತಿರುಗುವ ನಕ್ಷತ್ರದ ಕಾಂತಧ್ರುವ ನಮ್ಮ ದೃಷ್ಟಿರೇಖೆಯ ಮುಂದೆ ಹಾದುಹೋದರೆ ಹೀಗೆಯೇ ಆಗಬೇಕೆಂದು ರಾಧಾಕೃಷ್ಣನ್ ಮತ್ತು ಡಿ.ಜೆ. ಕುಕ್ 1969ರಲ್ಲಿ ತೋರಿಸಿದರು. ಪಲ್ಸಾರ್ ಎಂದರೆ ತಿರುಗುವ ನ್ಯೂಟ್ರಾನ್ ನಕ್ಷತ್ರ ಎಂಬ ಮಾತಿಗೆ ಅದು ದೊಡ್ಡ ಬಲ ಕೊಟ್ಟಿತು. ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದರು, ಅಲ್ಲಿ ರೇಡಿಯೊ ಖಗೋಳವಿಜ್ಞಾನಕ್ಕೆ ನೆಲೆ ಒದಗಿಸಿದರು.

ಐವತ್ತೈದು ವರ್ಷದ ಬಳಿಕ ಅದೇ ಲೆಕ್ಕ ಮತ್ತೆ ಕೆಲಸಕ್ಕೆ ಬಂತು. ಚೈಮ್ ಹಿಡಿದ ಎಫ್‌ಆರ್‌ಬಿ 20221022ಎ ಎಂಬ ಸ್ಫೋಟ ಸುಮಾರು 20 ಕೋಟಿ ಜ್ಯೋತಿರ್ವರ್ಷ ದೂರದ್ದು. ಅದರ ಎರಡೂವರೆ ಮಿಲಿಸೆಕೆಂಡಿನೊಳಗೆ ಕಂಪನದ ದಿಕ್ಕು ರಾಧಾಕೃಷ್ಣನ್ ಮತ್ತು ಕುಕ್ ಹೇಳಿದ ಹಾಗೆಯೇ ತಿರುಗಿತ್ತು. ಸ್ಫೋಟ ಹುಟ್ಟಿದ್ದು ನ್ಯೂಟ್ರಾನ್ ನಕ್ಷತ್ರದ ಮೈಗೆ ಹತ್ತಿರ, ಅದರ ಕಾಂತಕ್ಷೇತ್ರದ ಒಳಗೇ ಎಂಬುದಕ್ಕೆ ಇದು ಸಾಕ್ಷ್ಯ ಎಂದು 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಚಿತ್ರವೆಂದರೆ, ಆ ಮೂಲ ಅಲ್ಲಿಯವರೆಗೆ ಮರುಕಳಿಸಿರಲಿಲ್ಲ. ಮರುಕಳಿಸುವ ಮೂಲಗಳಲ್ಲಿ ಹೆಸರಾದ ಎರಡೂ, ಅರೆಸಿಬೊ ಕಂಡದ್ದು ಮತ್ತು ನಮ್ಮ ಹದಿನಾರು ದಿನದ್ದು, ಕಂಪನದ ದಿಕ್ಕನ್ನು ಸ್ಫೋಟದುದ್ದಕ್ಕೂ ಹೆಚ್ಚುಕಡಿಮೆ ಬದಲಿಸುವುದಿಲ್ಲ. ಒಂದೇ ಕುಲವೇ ಎಂಬ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು.

ತಡವನ್ನು ತಿದ್ದುವ ವಿದ್ಯೆಯನ್ನು ನಮ್ಮ ರಾಜ್ಯದಲ್ಲಿ ಬಲು ಕಷ್ಟದ ದಾರಿಯಲ್ಲಿ ಕಲಿತದ್ದು ಗೌರಿಬಿದನೂರಿನಲ್ಲಿ. ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ ಇಂಗ್ಲಿಷಿನ ಟಿ ಆಕಾರಕ್ಕೆ ಒಂದು ಸಾವಿರ ಡೈಪೋಲ್ ಆ್ಯಂಟೆನಾಗಳನ್ನು ನೆಟ್ಟವು. ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಸ್. ನಮ್ಮ ಹದಿನಾರು ದಿನದ ಮೂಲದ ಸ್ಫೋಟ ಆ ಆವರ್ತನಕ್ಕೆ ಇಳಿಯಬೇಕಾದರೆ ಖೋಡದ್‌ಗೆ ತಲುಪಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಅಂತರಿಕ್ಷದ ಅನಿಲ ಅದನ್ನು ಗುರುತು ಸಿಗದಷ್ಟು ಮಸುಕು ಮಾಡಿರುತ್ತದೆ. ಅಂಥ ಆವರ್ತನದಲ್ಲೂ ಹತ್ತಿರದ ಪಲ್ಸಾರ್‌ಗಳ ಸ್ಪಂದನಗಳನ್ನು ಅವಿನಾಶ್ ದೇಶಪಾಂಡೆ ಮತ್ತು ರಾಧಾಕೃಷ್ಣನ್ ಹೆಕ್ಕಿ ತೆಗೆದರು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ ಅದೇ ದೂರದರ್ಶಕದಿಂದ ಆಕಾಶದ ನಕ್ಷೆ ರಚಿಸಿ 1990ರಲ್ಲಿ ಪ್ರಕಟಿಸಿದರು. ಆ ಬಯಲಿನಲ್ಲಿ ಪಳಗಿದ ಕೈಗಳೇ ಮುಂದೆ ಜಿಎಂಆರ್‌ಟಿಗೆ ನೆರವಾದವು. ಅದರ 1420 ಮೆಗಾಹರ್ಟ್ಸ್ ಪಟ್ಟಿಯ ಗ್ರಾಹಕಗಳನ್ನು ಕಟ್ಟಿದ್ದು ರಾಮನ್ ಸಂಸ್ಥೆ.

ಇಷ್ಟೆಲ್ಲ ಯಾಕಾಗಿ ಎಂದು ಕೇಳುವವರಿಗೆ ಒಂದು ಉತ್ತರ 2020ರಲ್ಲೇ ಬಂತು. ಸ್ಫೋಟದ ತಡ ಮತ್ತು ಅದರ ಗೆಲಾಕ್ಸಿಯ ದೂರ ಎರಡೂ ಗೊತ್ತಿದ್ದರೆ ನಡುವಿನ ಖಾಲಿಯಲ್ಲಿ ಎಷ್ಟು ದ್ರವ್ಯವಿದೆ ಎಂದು ಅಳೆಯಬಹುದು. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ಸುಮಾರು ಅರ್ಧದಷ್ಟು ಎಲ್ಲಿದೆ ಎಂದು ಕಾಣದೆ ಖಗೋಳಜ್ಞರು ಹುಡುಕುತ್ತಿದ್ದರು. ಜಾನ್-ಪಿಯೆರ್ ಮಕಾರ್ ನೇತೃತ್ವದ ತಂಡ ಕೆಲವೇ ಸ್ಫೋಟಗಳ ಲೆಕ್ಕದಿಂದ ಅದು ಗೆಲಾಕ್ಸಿಗಳ ನಡುವೆಯೇ ಹರಡಿಕೊಂಡಿದೆ ಎಂದು ತೋರಿಸಿತು. ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ ಮಕಾರ್ ತೀರಿಕೊಂಡರು.

ನಮ್ಮ ಕಡೆಯ ಕಾಲೇಜುಗಳಲ್ಲಿ ಈ ಕೆಲಸದ ಒಂದು ಪಾಲು ಆಗಬಹುದೆಂದು ನಾನು ಮನಸಾರೆ ನಂಬುತ್ತೇನೆ. 50 ಕೋಟಿ ಜ್ಯೋತಿರ್ವರ್ಷದ ಮಾತಿಗೆ ಖೋಡದ್‌ನ ಮೂವತ್ತು ತಟ್ಟೆಗಳೇ ಬೇಕು. ಆ ದತ್ತಾಂಶ ಮೊದಲ ಅವಧಿ ಕಳೆದ ಮೇಲೆ ಸಾರ್ವಜನಿಕ ಸಂಗ್ರಹಕ್ಕೆ ಬರುತ್ತದೆ. ಒಂದು ಸಾಧಾರಣ ಕಂಪ್ಯೂಟರಿನಲ್ಲಿ ತಡ ತಿದ್ದುವ ಅಭ್ಯಾಸ ಮಾಡಲು ಅಷ್ಟು ಸಾಕು. ಕ್ಷೀರಪಥದೊಳಗಿನ ಮ್ಯಾಗ್ನೆಟಾರ್‌ಗೆ ಮಾತ್ರ ಬಕೆಟ್ಟಿನಷ್ಟು ಆ್ಯಂಟೆನಾ ಸಾಕೆಂದು ಬೊಚೆನೆಕ್ ತೋರಿಸಿದ್ದಾರೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳಲ್ಲಿ ಒಂದೊಂದು ಇಟ್ಟರೆ ಒಂದೂರಿನ ಕಿಡಿ ಇನ್ನೊಂದೂರಿಗೆ ಕೇಳದಷ್ಟು ಅಂತರವಿರುತ್ತದೆ. ಗಜೇಂದ್ರಗಡದಲ್ಲಿ ಗುಡ್ಡದ ಮೇಲೆ ಬೇಡ, ಅಲ್ಲಿ ಗಾಳಿಯಂತ್ರಗಳಿವೆ. ಕೆಳಗಿನ ಬಯಲು ಒಳ್ಳೆಯದು. ಮೊಬೈಲ್ ಟವರ್‌ಗಳಿಂದ ದೂರ, ಸಾಧ್ಯವಾದರೆ ಬಾವಿಯಿಲ್ಲದ ಒಣಬೇಸಾಯದ ಹೊಲ. ಸ್ಟೇರ್2 ಆಲಿಸಿದ 1280ರಿಂದ 1530 ಮೆಗಾಹರ್ಟ್ಸ್ ಪಟ್ಟಿಯಲ್ಲಿ 2020ರ ಆ ಸ್ಫೋಟದ ಮೇಲಂಚಿಗೂ ಕೆಳಂಚಿಗೂ ನಡುವಿನ ತಡ ಕಾಲು ಸೆಕೆಂಡು. ಮೂರೂ ಊರಿನ ದಾಖಲೆಗಳಲ್ಲಿ ಅದೇ ಕ್ಷಣಕ್ಕೆ, ಅದೇ ಕಾಲು ಸೆಕೆಂಡಿನ ಓರೆ ಗೆರೆ ಬಿದ್ದಿದೆಯೇ ಎಂದು ಪ್ರತಿದಿನ ಬೆಳಿಗ್ಗೆ ಹೋಲಿಸಿ ನೋಡಬೇಕು.